ಕಡಲ ಬದಿಯ ಮನೆಗೆ ಕೈ ಹಾಕುವ ಮೊದಲು

ಮಗಳೇ,

ಅಜ್ಜಯ್ಯ ಕಟ್ಟಿಸಿದ ಮನೆ ನಿನ್ನ ಪಾಲಿಗೆ ಬಂದದ್ದು ನನಗೆ ಸಂತೋಷದ ಸುದ್ದಿ. ಅದನ್ನು ಮಾರದೆ, ದುರಸ್ತಿ ಮಾಡಿಸಿ ಅಲ್ಲಿಗೆ ಬಂದು ಹೋಗಿ ಇರುತ್ತೇವೆ ಎಂದು ನೀವಿಬ್ಬರೂ ನಿಶ್ಚಯಿಸಿದ್ದು ಅದಕ್ಕಿಂತ ದೊಡ್ಡ ಸಂತೋಷ. ನೀನು ಕಳುಹಿಸಿದ ನಕ್ಷೆ ನೋಡಿದೆ. ಗುತ್ತಿಗೆದಾರರು ಕೊಟ್ಟ ಅಂದಾಜು ಪಟ್ಟಿಯನ್ನೂ ಓದಿದೆ. ಮೊದಲ ಸಾಲಿನಲ್ಲಿ ಹಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕುವುದು ಎಂದಿದೆ, ಎರಡನೆಯದರಲ್ಲಿ ಗೋಡೆಗೆಲ್ಲ ಸಿಮೆಂಟ್ ಸಾರಣೆ, ಮೂರನೆಯದರಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಈ ಮೂರೂ ಆದ ಮೇಲೆ ಅಲ್ಲಿ ಉಳಿಯುವುದು ಅಜ್ಜಯ್ಯನ ಜಾಗ ಮಾತ್ರ, ಮನೆಯಲ್ಲ. ಬದುಕಿಡೀ ಈ ಕರಾವಳಿಯಲ್ಲಿ ಕಟ್ಟಡದ ಕೆಲಸ ಮಾಡಿಸಿದವನು ನಾನು, ಸುಮ್ಮನಿರಲಾರೆ. ಪತ್ರ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು.

ಮೊದಲ ಮಾತು ಇದು. ಈ ಮಳೆಗಾಲ ಕಳೆಯುವವರೆಗೆ ಆ ಮನೆಯಲ್ಲಿ ಏನನ್ನೂ ಒಡೆಸಬೇಡ. ಜೂನಿನಿಂದ ಸೆಪ್ಟೆಂಬರ್ ತನಕ ಸಿಕ್ಕಿದ ರಜೆಯಲ್ಲೆಲ್ಲ ಬಂದು ಅಲ್ಲಿ ಇರಿ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಸುರಿಯುವುದು ಈ ನಾಲ್ಕು ತಿಂಗಳಲ್ಲೇ. ಜನವರಿಯ ಬಿಸಿಲಲ್ಲಿ ಬಂದು ಅಳತೆ ತೆಗೆಯುವ ಎಂಜಿನಿಯರಿಗೆ ಮನೆ ಬಿಟ್ಟುಕೊಡದ ಸಂಗತಿಯನ್ನು ಆಷಾಢದ ಒಂದು ರಾತ್ರಿ ತಾನಾಗಿ ತೋರಿಸುತ್ತದೆ. ಗಾಳಿ ಪಡುವಣದಿಂದ ಬೀಸಿದಾಗ ಎಲ್ಲಿ ಎರಚಲು ಹೊಡೆಯುತ್ತದೆ, ತೆಂಕಣಕ್ಕೆ ತಿರುಗಿದಾಗ ಎಲ್ಲಿ ಸೋರುತ್ತದೆ, ಯಾವ ಗೋಡೆ ಮೇಲಿನಿಂದ ಒದ್ದೆಯಾಗುತ್ತದೆ, ಯಾವುದು ಬುಡದಿಂದ ನೀರು ಹೀರುತ್ತದೆ, ಇವನ್ನೆಲ್ಲ ಚಾಕಿನಿಂದ ಗೋಡೆಯ ಮೇಲೇ ಗುರುತು ಹಾಕು, ತಾರೀಕು ಬರೆ. ಮೇಲಿನಿಂದ ಇಳಿದ ಒದ್ದೆಗೆ ಮದ್ದು ಮಾಡಿನಲ್ಲಿದೆ, ಬುಡದಿಂದ ಏರಿದ್ದಕ್ಕೆ ಅಂಗಳದ ಚರಂಡಿಯಲ್ಲಿದೆ. ಎರಡನ್ನೂ ಗೊತ್ತು ಮಾಡಿಕೊಳ್ಳದೆ ಗೋಡೆಗೆ ಬಣ್ಣ ಬಳಿಸಿದರೆ ಹಣ ನೀರಿನಲ್ಲಿ ಹೋಗುತ್ತದೆ.

ಮಳೆ ಬಿಟ್ಟು ಗೋಡೆ ಒಣಗತೊಡಗಿದಾಗ, ಅಂದರೆ ಅಕ್ಟೋಬರ್ ಕೊನೆಗೆ, ಇನ್ನೊಂದು ಸಲ ಸುತ್ತಿ ನೋಡು. ಕೆಲವೆಡೆ ಬಿಳಿಯ ಪುಡಿ ಅರಳಿರುತ್ತದೆ. ಅದು ಉಪ್ಪು. ನೀರಿನೊಡನೆ ಗೋಡೆಯೊಳಗೆ ಕರಗಿಕೊಂಡಿದ್ದದ್ದು, ನೀರು ಆರಿದ ಮೇಲೆ ಹೊರಗೆ ಬಂದು ಹರಳುಗಟ್ಟುತ್ತದೆ. ಎಲ್ಲಿ ಅರಳಿದೆಯೋ ಅದು ಗೋಡೆ ಉಸಿರು ಬಿಡುವ ಜಾಗ. ಅದನ್ನು ಒಣಗಿದ ಬ್ರಶ್‌ನಿಂದ ಉಜ್ಜಿ ಗುಡಿಸಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ.

ಕಾಯಬಾರದ ಕೆಲಸ ಒಂದೇ ಒಂದು, ವಿದ್ಯುತ್ತಿನದು. ಮರದ ಪಟ್ಟಿಯ ಮೇಲೆ ಓಡಿಸಿದ ಆ ಹಳೆಯ ವಯರಿನ ರಬ್ಬರು ಹುಡಿಯಾಗಿದೆ, ಅರ್ಥಿಂಗ್ ಇಲ್ಲ. ಮಳೆಗಾಲದ ಮೊದಲೇ ಅದನ್ನು ಬದಲಾಯಿಸಿ, ಮೂವತ್ತು ಮಿಲಿಆಂಪಿಯರಿನ ಸೋರಿಕೆ ತಡೆಯುವ ಬ್ರೇಕರ್ ಹಾಕಿಸು. ಗೋಡೆ ಕೊರೆದು ಪೈಪು ಹುಗಿಯಲು ಬಿಡಬೇಡ. ಮೊದಲಿನ ಹಾಗೆ ಗೋಡೆಯ ಮೇಲೇ, ದಾರಂದದ ಅಂಚಿಗೆ ಹೊಂದಿಸಿ ನೀಟಾಗಿ ಓಡಿಸಿದರೆ ಕಣ್ಣಿಗೂ ಚೆಂದ, ನಾಳೆ ಕೆಟ್ಟರೆ ತೆಗೆಯಲೂ ಸುಲಭ.

ಇನ್ನು ಮನೆಯ ವಯಸ್ಸಿನ ವಿಚಾರ. ಗುತ್ತಿಗೆದಾರರು ನಿನಗೆ ಹೇಳಿದರಂತೆ, 'ಇದು ಗುತ್ತಿನ ಮನೆಯೂ ಅಲ್ಲ, ಹೊಸ ಮನೆಯೂ ಅಲ್ಲ, ಉಳಿಸಿ ಏನು ಮಾಡ್ತೀರಿ' ಎಂದು. ಈ ಮಾತು ನನ್ನನ್ನು ಬಹಳ ನೋಯಿಸಿತು, ಏಕೆಂದರೆ ಊರಿನ ಎಲ್ಲರೂ ಹೀಗೇ ತಿಳಿದಿದ್ದಾರೆ. ಕೆತ್ತನೆಯ ಕಂಬಗಳ ಚೌಕಿ ಮನೆಗಳಿಗೆ ಒಂದು ಗತಿಯಾದರೂ ಉಂಟು. ವಿಜಯನಾಥ ಶೆಣೈಯವರು ಅಂಥವನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದರು. 1950ರ ದಶಕದ ಮನೆಗಳಿಗೆ ಕೇಳುವವರಿಲ್ಲ. ಹೆದ್ದಾರಿ ಅಗಲ ಮಾಡುವಾಗ, ಪಾಲಾಗುವಾಗ, ಮಕ್ಕಳು ದುಬೈಯಿಂದ ಬಂದಾಗ, ಮೊದಲು ಜೆಸಿಬಿ ಬರುವುದು ಇವಕ್ಕೆ.

ಆದರೆ ಆ ಕಾಲದ್ದು ಬೇರೆಯೇ ಕಥೆ. ನಿನ್ನ ಅಜ್ಜಯ್ಯ ಮಾಟುಂಗದ ಹೋಟೆಲಿನಲ್ಲಿ ದುಡಿದು, ಕೈಯಲ್ಲಿ ಒಂದಿಷ್ಟು ಕಾಸು ಮಾಡಿಕೊಂಡು 1957ರಲ್ಲಿ ಈ ಮನೆ ಎಬ್ಬಿಸಿದರು. ಕುಂದಾಪುರ ಮದ್ರಾಸು ಸೀಮೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೊಸತು. ಬೊಂಬಾಯಿಯ ಮರೀನ್ ಡ್ರೈವಿನಲ್ಲಿ ಮೂಲೆ ಉರುಟು ಮಾಡಿದ ಕಟ್ಟಡಗಳು, ಕಿಟಕಿಯ ಮೇಲೆ ಉದ್ದಕ್ಕೆ ಹರಿಯುವ ಸಜ್ಜಾ, ಹಡಗಿನ ಕಟಕಟೆಯ ಹಾಗೆ ಅಡ್ಡ ಪೈಪುಗಳ ಬಾಲ್ಕನಿ, ಇವನ್ನು ದಿನಾ ನೋಡಿ ಬಂದವರು ಅವರು. ಆ ಕಟ್ಟಡಗಳ ಸಾಲನ್ನು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಒಂದು ಚೂರನ್ನು ಅಜ್ಜಯ್ಯ ನಮ್ಮ ಮುರಕಲ್ಲಿಗೂ ಮಂಗಳೂರು ಹಂಚಿಗೂ ಕೂಡಿಸಿ ಕಟ್ಟಿಸಿದರು. ಜಗಲಿಯ ಉರುಟು ಮೂಲೆ, ಮುಂದಿನ ಸಣ್ಣ ಕಾಂಕ್ರೀಟು ಚಪ್ಪರ, ಅದರ ಅಂಚಿನ ಮೂರು ಗೆರೆ, ಮೆಟ್ಟಿಲ ಪಕ್ಕದ ಅರ್ಧಚಂದ್ರದ ಕಟ್ಟೆ ಬಂದದ್ದು ಅಲ್ಲಿಂದ.

ಸಿಮೆಂಟು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. 1956ರಿಂದ ಅದರ ಹಂಚಿಕೆ ಸರ್ಕಾರದ ವ್ಯಾಪಾರ ನಿಗಮದ ಕೈಯಲ್ಲಿತ್ತು, ಚೀಟಿ ಇಲ್ಲದೆ ಚೀಲ ಇಲ್ಲ. ನಿಯಂತ್ರಣ ಒಂದಿಷ್ಟು ಸಡಿಲಾದದ್ದು 1982ರಲ್ಲಿ. ಹಾಗಾಗಿ ಅಜ್ಜಯ್ಯ ಸಿಮೆಂಟನ್ನು ಸಜ್ಜಾ, ಚಪ್ಪರ, ನೆಲ ಇಷ್ಟಕ್ಕೇ ಇಟ್ಟು, ಗೋಡೆಯನ್ನೆಲ್ಲ ಸುಣ್ಣದ ಗಾರೆಯಲ್ಲಿ ಕಟ್ಟಿಸಿದರು. ಇದನ್ನು ನೀನು ನೆನಪಿನಲ್ಲಿಡಲೇಬೇಕು. ನಿನ್ನ ಮನೆಯಲ್ಲಿ ಎರಡು ಕಾಲದ ಎರಡು ಸಾಮಗ್ರಿ ಒಟ್ಟಿಗೆ ಬದುಕಿವೆ, ಒಂದರ ಮದ್ದು ಇನ್ನೊಂದಕ್ಕೆ ವಿಷ.

ಮುರಕಲ್ಲಿನ ಗುಣ ಕೇಳು. ಕೋರೆಯಲ್ಲಿ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಮೈತುಂಬ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಅದಕ್ಕೆ ಜೊತೆಯಾಗಿ ನಮ್ಮ ಹಿರಿಯರು ಆರಿಸಿದ್ದು ಚಿಪ್ಪಿನ ಸುಣ್ಣ. ಹೊಳೆ ಬಾಯಲ್ಲಿ ಹೆಕ್ಕಿದ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಅರೆಯುತ್ತಿದ್ದರು; ಕೆಲವರು ಬೆಲ್ಲದ ನೀರನ್ನೂ ಹಾಕುತ್ತಿದ್ದರು. ಮನೆಯ ಹಿಂದೆ ಆ ಗಾರೆ ಅರೆಯುತ್ತಿದ್ದ ಸದ್ದು ನನ್ನ ಬಾಲ್ಯದ ಸದ್ದು. ಹಚ್ಚಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತಿಂಗಳುಗಟ್ಟಲೆ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಆದರೂ ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುವುದರಿಂದ ಕಲ್ಲಿನೊಳಗಿನ ತೇವ ಹೊರಗೆ ಹೋಗಲು ದಾರಿ ಇರುತ್ತದೆ. ಗೋಡೆ ತುಸು ಅಲುಗಿದರೂ ಸುಣ್ಣ ಸೈರಿಸಿಕೊಳ್ಳುತ್ತದೆ.

ಅದರ ಮೇಲೆ ಸಿಮೆಂಟ್ ಸಾರಣೆ ಮಾಡಿದರೆ ಒದ್ದೆ ಬಟ್ಟೆಯ ಮೇಲೆ ರೇನ್‌ಕೋಟು ತೊಡಿಸಿದಂತೆ. ಬುಡದಿಂದ ನೀರು ಏರುವುದು ನಿಲ್ಲುವುದಿಲ್ಲ, ಹೊರಗೆ ಹೋಗುವುದಷ್ಟೇ ನಿಲ್ಲುತ್ತದೆ. ತೇವ ಇನ್ನೂ ಮೇಲೆ ಮೇಲೆ ಹತ್ತಿ ಪಕ್ಕಾಸಿನ ಕೊನೆಯನ್ನು ಮುಟ್ಟುತ್ತದೆ, ಮರ ಕುಂಬಾಗುತ್ತದೆ, ಒರಲೆಗೆ ಕರೆ ಹೋಗುತ್ತದೆ. ಉಪ್ಪು ಸಾರಣೆಯ ಹಿಂದೆ ಹರಳುಗಟ್ಟಿ ಕಲ್ಲಿನ ಮುಖವನ್ನೇ ಹುಡಿ ಮಾಡುತ್ತದೆ. ಕೆಲವು ಮಳೆಗಾಲ ಕಳೆದರೆ ಸಾರಣೆ ಹಲಗೆಯ ಹಾಗೆ ಕಳಚಿ ಬೀಳುತ್ತದೆ, ಜೊತೆಗೆ ಕಲ್ಲಿನ ಒಂದು ಪದರ. ನೀರು ತಡೆಯುವ ಬಣ್ಣ ಎಂದು ಅಂಗಡಿಯಲ್ಲಿ ಮಾರುವ ಪ್ಲಾಸ್ಟಿಕ್ ಬಣ್ಣಗಳೂ ಸುಣ್ಣದ ಗೋಡೆಗೆ ಇದೇ ಕೆಲಸ ಮಾಡುತ್ತವೆ. ಈಗ ಬಡಗು ಕೋಣೆಯಲ್ಲಿ ಉಬ್ಬಿ ನಿಂತ ಜಾಗ ನೋಡಿದ್ದೀಯಲ್ಲ, ಅದು ಯಾವಾಗಲೋ ಸಿಮೆಂಟಿನಲ್ಲಿ ತೇಪೆ ಹಾಕಿದ ಜಾಗ. ಚಾಕುವಿನ ಮೊನೆಯಿಂದ ಗೀರಿ ನೋಡು: ಮೊನೆ ಸುಲಭಕ್ಕೆ ಇಳಿದು ಬಿಳಿ ಹುಡಿ ಉದುರಿದರೆ ಸುಣ್ಣ, ಬೂದು ಬಣ್ಣದಲ್ಲಿ ಗಟ್ಟಿಯಾಗಿ ತಡೆದರೆ ಸಿಮೆಂಟು.

ಆ ತೇಪೆಗಳನ್ನು ಮೆಲ್ಲಗೆ ಉಳಿಯಿಂದ ಎಬ್ಬಿಸಿ ತೆಗೆಸಿ, ಗೋಡೆಯನ್ನು ಒಂದು ಬೇಸಗೆ ಒಣಗಲು ಬಿಟ್ಟು, ಮತ್ತೆ ಸುಣ್ಣದಲ್ಲೇ ಸಾರಣೆ ಮಾಡಿಸು. ತೆಳ್ಳಗೆ, ಪದರ ಪದರವಾಗಿ. ಒಂದು ಪದರ ಬಿಗಿಯದೆ ಇನ್ನೊಂದು ಹಚ್ಚಬಾರದು. ಏಪ್ರಿಲಿನ ಬಿಸಿಲು ನೇರ ಹೊಡೆಯುವ ಪಡುಗೋಡೆಗೆ ಒದ್ದೆ ಗೋಣಿ ಇಳಿಬಿಡಬೇಕು, ಇಲ್ಲವಾದರೆ ಬಿರುಕು. ಮರಳು ಕಡಲಿನದು ಒಂದು ಬುಟ್ಟಿಯೂ ಬರಬಾರದು. ಸಿಮೆಂಟಿಗಿಂತ ದುಬಾರಿ, ನಿಧಾನ, ಒಪ್ಪುತ್ತೇನೆ. ಆದರೆ ಈ ಖರ್ಚು ಅರವತ್ತು ಎಪ್ಪತ್ತು ವರ್ಷ ನಿಂತ ಗೋಡೆಗೆ ಮಾಡುವ ಖರ್ಚು. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಮೇಲೆ ಕೆಮ್ಮಣ್ಣಿನಲ್ಲಿ ಬಿಡಿಸಿದ ಕಾವಿ ಚಿತ್ರಗಳನ್ನು ನೀನು ನೋಡಿದ್ದೀ. ಇದೇ ಉಪ್ಪುಗಾಳಿಯಲ್ಲಿ ಅವು ತಲೆಮಾರುಗಟ್ಟಲೆ ಉಳಿದದ್ದು ಆ ಸುಣ್ಣದ ಬಲದಿಂದ.

ಮಾಡಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಸ್ಲ್ಯಾಬ್ ಬೇಡ. ಬೇಸಗೆಯಲ್ಲಿ ಹಂಚಿನ ಸಂದಿಯಿಂದ ಬಿಸಿ ಗಾಳಿ ಮೇಲೆ ಹೋಗುತ್ತದೆ, ಕೆಳಗಿನಿಂದ ಕಡಲಗಾಳಿ ಒಳಗೆ ಬರುತ್ತದೆ. ಸ್ಲ್ಯಾಬ್ ಹಾಕಿದ ದಿನವೇ ನಿನಗೆ ಎಲ್ಲ ಕೋಣೆಗೂ ಏಸಿ ಬೇಕಾಗುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ ಗೋಡೆ ಆ ಭಾರಕ್ಕೆಂದು ಕಟ್ಟಿದ್ದೂ ಅಲ್ಲ. ಹಂಚಿನ ಮೇಲೆ ತಗಡು ಹೊದಿಸುವುದು ಈಗ ಊರೆಲ್ಲ ರೂಢಿಯಾಗಿದೆ. ಕಡಲಿಗೆ ಇಷ್ಟು ಹತ್ತಿರ ತಗಡಿನ ಮೊಳೆಗಳು ಬೇಗ ತುಕ್ಕು ಹಿಡಿಯುತ್ತವೆ, ಗಾಳಿಗೆ ಎದ್ದ ತಗಡು ಪಕ್ಕದ ಮನೆಯವರ ಮೈಮೇಲೆ ಬೀಳಬಹುದು. ಮಾಡಿನ ಕೆಳಗೆ ಫಾಲ್ಸ್ ಸೀಲಿಂಗ್ ಕೂಡ ಬೇಡ; ಸೋರಿಕೆ ಕಣ್ಣಿಗೆ ಕಾಣಬೇಕು, ಕಂಡರಷ್ಟೇ ಸರಿಮಾಡಬಹುದು.

ಹಂಚನ್ನು ಒಂದು ತೆಗೆದು ತಿರುಗಿಸಿ ನೋಡು. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಆವೆಮಣ್ಣಿನಿಂದ ಎಷ್ಟೋ ಕಾರ್ಖಾನೆಗಳು ಎದ್ದವು. ಎಲ್ಲವೂ ನೋಡಲು ಒಂದೇ ಥರ, ಆದರೆ ಅಚ್ಚು ಒಂದಿಷ್ಟು ಹೆಚ್ಚುಕಡಿಮೆ. ಒಬ್ಬರ ಹಂಚಿನ ತೋಡು ಇನ್ನೊಬ್ಬರ ಹಂಚಿನ ಏಣಿಗೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ಸೋರುತ್ತದೆ. ಆದ್ದರಿಂದ ಒಡೆದದ್ದರ ಬದಲಿಗೆ ಅದೇ ಹೆಸರಿನ ಹಂಚನ್ನೇ ಹುಡುಕು. ಕೆಡವಿದ ಮನೆಗಳವರು ಮಾರುತ್ತಾರೆ. ಬೆರಳ ಗಂಟಿನಿಂದ ತಟ್ಟಿದರೆ ಕಂಚಿನ ನಾದ ಬರಬೇಕು. ಮಂಕಾಗಿ ಕೇಳಿದರೆ ಕಣ್ಣಿಗೆ ಕಾಣದ ಬಿರುಕಿದೆ. ಒಂದು ಚದರ ಮೀಟರಿಗೆ ಹದಿನೈದು ಹಂಚಿನಂತೆ ಲೆಕ್ಕ ಹಾಕು, ಅದರ ಮೇಲೆ ಕೈಲಿ ಒಂದಿಷ್ಟು ಹೆಚ್ಚಿಗೆ ಇಟ್ಟುಕೋ. ಹೊಸ ಹಂಚು ತಂದರೂ ಅದನ್ನು ಒಂದೇ ಇಳುಕಲಿಗೆ ಪೂರ್ತಿ ಹೊದಿಸು, ಹಳತರ ನಡುನಡುವೆ ಸಿಕ್ಕಿಸಬೇಡ.

ಹಂಚು ಇಳಿಸಿದಾಗ ನೋಡಬೇಕಾದದ್ದು ಪಕ್ಕಾಸಿನ ಬುಡ, ಗೋಡೆಯ ಮೇಲೆ ಕೂತ ಕೊನೆ. ನಡುಭಾಗ ಬಹುತೇಕ ಗಟ್ಟಿಯೇ ಇರುತ್ತದೆ, ಆಗ ಹಾಕಿದ್ದು ಬೋಗಿ ಮತ್ತು ಹಲಸು. ಅಂಥ ಮೋಪು ಇಂದು ಕಾಸು ಕೊಟ್ಟರೂ ಸಿಗುವುದು ಕಷ್ಟ. ಕೊನೆ ಕುಂಬಾಗಿದ್ದರೆ ಇಡೀ ಪಕ್ಕಾಸು ಎಸೆಯುವುದು ಬೇಡ. ಒಳ್ಳೆಯ ಆಚಾರಿಯಾದರೆ ಕೆಟ್ಟ ಭಾಗ ಕತ್ತರಿಸಿ, ಅದೇ ಜಾತಿಯ ಮರವನ್ನು ಓರೆ ಸಂದು ಮಾಡಿ ಬೆಸೆಯುತ್ತಾರೆ. ರೀಪುಗಳನ್ನು ಮಾತ್ರ ಹೊಸದಾಗಿಯೇ ಹಾಕಿಸು. ಕತ್ತಲೆ ಕೋಣೆಗೆ ಬೆಳಕು ಬೇಕಿದ್ದರೆ ಎರಡು ಗಾಜಿನ ಹಂಚು ಸಾಕು. ಪ್ರತಿ ವರ್ಷ ಮೇ ತಿಂಗಳಲ್ಲಿ ಒಬ್ಬರನ್ನು ಹತ್ತಿಸಿ ಹಂಚು ಕೈಯಾಡಿಸಬೇಕು, ತೆಂಗಿನ ಗರಿ ಎಲೆ ಕಸ ತೆಗೆಸಬೇಕು. ಬೆಂಗಳೂರಿನಿಂದ ಇದನ್ನು ಮಾಡಿಸಲು ನಂಬಿಕೆಯ ಒಬ್ಬರು ಊರಿನಲ್ಲಿ ಬೇಕು. ಈಗಿನಿಂದಲೇ ನೋಡಿಕೋ.

ಕಾಂಕ್ರೀಟು ಭಾಗ ಬಂತು. ನಿಜವಾಗಿ ಮುಪ್ಪಾಗಿರುವುದು ಅದೇ. ಚಪ್ಪರದ ಅಡಿಯಲ್ಲಿ ಕಂದು ಕಲೆ, ಸಜ್ಜಾದ ಅಂಚಿನಲ್ಲಿ ಉದ್ದ ಬಿರುಕು ಕಾಣುವುದಲ್ಲ, ಅವು ಒಳಗಿನ ಸರಳಿನ ಮೊರೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳನ್ನು ಮುಟ್ಟಿದರೆ ತುಕ್ಕು ಶುರುವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಆ ಕಾಲದಲ್ಲಿ ಸರಳಿನ ಮೇಲೆ ಅರ್ಧ ಮುಕ್ಕಾಲು ಇಂಚಿನ ಹೊದಿಕೆ ಬಿಟ್ಟರೆ ಹೆಚ್ಚು. ಇಂದಿನ ಭಾರತೀಯ ಮಾನಕ ಐಎಸ್ 456 ಕಡಲ ತೀರದ ಕಾಂಕ್ರೀಟಿಗೆ ಎಂ 30 ದರ್ಜೆ, 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಉಪ್ಪುನೀರಿನ ಎರಚಲೇ ತಾಗುವಲ್ಲಿ ಎಂ 35 ಮತ್ತು 50 ಮಿಲಿಮೀಟರ್. ಸಣ್ಣ ಸುತ್ತಿಗೆಯಿಂದ ತಟ್ಟಿಸಿ ನೋಡು, ಟೊಳ್ಳು ಸದ್ದು ಬಂದಲ್ಲೆಲ್ಲ ಒಳಗೆ ಬಿಟ್ಟುಕೊಂಡಿದೆ. ಬಿರುಕಿನ ಮೇಲೆ ಸಿಮೆಂಟು ಸವರಿ ಬಣ್ಣ ಹೊಡೆದು ಹೋಗುವವರನ್ನು ಹತ್ತಿರ ಸೇರಿಸಬೇಡ. ಟೊಳ್ಳು ಭಾಗವನ್ನು ಒಡೆದು, ಸರಳಿನ ಹಿಂಬದಿಯವರೆಗೆ ಬಿಡಿಸಿ, ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಸವೆದದ್ದರ ಪಕ್ಕಕ್ಕೆ ಹೊಸ ಸರಳು ಕಟ್ಟಿ ಆಮೇಲೆ ತುಂಬಬೇಕು. ಇದಕ್ಕೆ ಮೇಸ್ತ್ರಿ ಸಾಲದು, ಕಟ್ಟಡದ ಬಲ ನೋಡುವ ಸ್ಟ್ರಕ್ಚರಲ್ ಎಂಜಿನಿಯರ್ ಬರಲೇಬೇಕು.

ಚಪ್ಪರ ಉಳಿಸಲಾಗದು ಎಂದು ಅವರು ಹೇಳಿದರೆ ಕೇಳು, ವಾದ ಬೇಡ; ಅಡಿಯಲ್ಲಿ ಜನ ಓಡಾಡುವ ಜಾಗ ಅದು. ಆದರೆ ಒಡೆಯುವ ಮೊದಲು ರಟ್ಟಿನಲ್ಲಿ ಅದರ ಅಂಚಿನ ಅಚ್ಚು ತೆಗೆದಿಡು, ಮೂರು ಗೆರೆಯ ಆಳ ಅಗಲ, ಉರುಟು ಮೂಲೆಯ ತ್ರಿಜ್ಯ, ಗೋಡೆಯಿಂದ ಎಷ್ಟು ಹೊರಕ್ಕಿದೆ, ಎಲ್ಲ ಬರೆದಿಡು. ಸೆಂಟ್ರಿಂಗ್ ಕೆಲಸದವರಿಗೆ ಉರುಟು ಮೂಲೆ ಎಂದರೆ ಬೇಸರ, ಚೌಕ ಮಾಡಿಬಿಡೋಣ ಅನ್ನುತ್ತಾರೆ. ಒಪ್ಪಬೇಡ. ಆ ಮೂಲೆಯಲ್ಲೇ ಆ ಮನೆಯ ಕಾಲ ಇದೆ.

ಕಿಟಕಿ ಬಾಗಿಲಿನ ವಿಷಯ ಚಿಕ್ಕದು. ಮೇಲೆ ಕೆಳಗೆ ಎರಡು ಭಾಗದ ಮರದ ಕದಗಳನ್ನು ತೆಗೆದು ಅಲ್ಯೂಮಿನಿಯಮ್ ಸ್ಲೈಡಿಂಗ್ ಹಾಕಿಸಬೇಡ. ಸ್ಲೈಡಿಂಗಿನಲ್ಲಿ ಅರ್ಧ ಕಿಟಕಿ ಯಾವಾಗಲೂ ಮುಚ್ಚಿರುತ್ತದೆ. ನಮ್ಮದರಲ್ಲಿ ಮಳೆ ಬಂದಾಗ ಕೆಳಗಿನದು ಮುಚ್ಚಿ ಮೇಲಿನದು ತೆರೆದಿಡಬಹುದು. ದಾರಂದದ ಮೇಲಿನ ಬೆಳಕಿಂಡಿಗಳನ್ನು ಯಾರೋ ಹಲಗೆ ಹೊಡೆದು ಮುಚ್ಚಿದ್ದಾರೆ, ಬಿಡಿಸಿ ಸೊಳ್ಳೆ ಬಲೆ ಹಾಕು. ಮಧ್ಯಾಹ್ನ ಕಡಲಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಗಾಳಿ ಬೀಸುವ ಊರು ನಮ್ಮದು; ಪಡುವಣ ಜಗಲಿಯಿಂದ ಮೂಡಣ ಅಡುಗೆಮನೆಯ ತನಕ ಬಾಗಿಲುಗಳು ಒಂದೇ ಗೆರೆಯಲ್ಲಿರುವುದು ಆ ಎರಡು ಗಾಳಿಗಾಗಿ. ನಿನ್ನ ನಕ್ಷೆಯಲ್ಲಿ ಆ ಗೆರೆಗೆ ಅಡ್ಡವಾಗಿ ಒಂದು ವಾರ್ಡ್‌ರೋಬ್ ಗೋಡೆ ಬಂದಿದೆ. ಅದನ್ನು ಬೇರೆಡೆಗೆ ಸರಿಸು. ಕೀಲು, ಚಿಲಕ ಹಿತ್ತಾಳೆಯದೇ ಇರಲಿ. ಸ್ಟೀಲು ಸ್ಕ್ರೂ ಬೇಕಾದಲ್ಲಿ 316 ಎಂಬ ದರ್ಜೆ ಕೇಳಿ ತೆಗೆದುಕೋ. ಸಾಮಾನ್ಯವಾಗಿ ಅಂಗಡಿಯಲ್ಲಿ ಕೊಡುವ 304 ಉಪ್ಪುಗಾಳಿಗೆ ಕಲೆ ಹಿಡಿಯುತ್ತದೆ.

ನೆಲದ ಕೆಂಪನ್ನು ಮುಟ್ಟಬೇಡ ಎಂದು ಕೈಮುಗಿದು ಕೇಳುತ್ತೇನೆ. ಕಾವಿ ಹುಡಿ ಬೆರೆಸಿದ ಸಿಮೆಂಟನ್ನು ಸಾರಿ, ಅದು ಬಿಗಿಯುವ ಹೊತ್ತಿಗೆ ಕರಣೆಯಿಂದ ಗಂಟೆಗಟ್ಟಲೆ ತಿಕ್ಕಿ ತಿಕ್ಕಿ ತಂದ ಹೊಳಪು ಅದು. ಸುತ್ತಲಿನ ಕಪ್ಪು ಅಂಚನ್ನು ಗೆರೆ ತಪ್ಪದ ಹಾಗೆ ಎಳೆಯಲು ಒಂದು ಕೈಗುಣ ಬೇಕಿತ್ತು. ನಿನ್ನ ಅಮ್ಮಮ್ಮ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಬಿರುಕು ಅಲ್ಲಲ್ಲಿ ಇದೆ, ಇರಲಿ. ತೇಪೆ ಹಾಕಿದರೆ ಬಣ್ಣ ಎಂದಿಗೂ ಕೂಡುವುದಿಲ್ಲ. ಅದರ ಮೇಲೆ ವಿಟ್ರಿಫೈಡ್ ಅಂಟಿಸಿದರೆ ನೆಲದಡಿಯ ತೇವಕ್ಕೆ ಗೋಡೆಯೊಂದೇ ದಾರಿಯಾಗುತ್ತದೆ, ಮೇಲೆ ಹೇಳಿದ ರಗಳೆಯೆಲ್ಲ ಇಮ್ಮಡಿ.

ಇಷ್ಟೆಲ್ಲ ಬೇಡ ಬೇಡ ಎಂದೆನಲ್ಲ, ಮನಸೋಕ್ತವಾಗಿ ಬದಲಾಯಿಸಬಹುದಾದ್ದೂ ಬೇಕಷ್ಟಿದೆ. ಅಡುಗೆಮನೆ ಪೂರ್ತಿ ನಿನ್ನದು. ಹೊಗೆ ತಿನ್ನುತ್ತ, ನೆಲದಲ್ಲಿ ಕೂತು ಹೆಚ್ಚುತ್ತ, ಒಬ್ಬರೇ ಬೆವರುತ್ತ ನಮ್ಮ ಹೆಂಗಸರು ಅಲ್ಲಿ ಕಳೆದ ಬದುಕನ್ನು ಪರಂಪರೆ ಎಂದು ಉಳಿಸಬೇಕಾಗಿಲ್ಲ. ಜಗಲಿಯ ಕಡೆಗೆ ಗೋಡೆಯಲ್ಲಿ ತೆರವು ಬೇಕಿದ್ದರೆ ಎಂಜಿನಿಯರನ್ನು ಕೇಳಿ ಮಾಡಿಸು. ಬಚ್ಚಲು, ಪಾಯಿಖಾನೆ ಮನೆಯೊಳಗೆ ಬೇಕೇ ಬೇಕು, ನಿನ್ನ ಅಮ್ಮನಿಗೆ ಈಗ ಮಂಡಿ ನೋವು. ಅದನ್ನು ಹಳೆಯ ಕೋಣೆಯೊಳಗೆ ತುರುಕದೆ ಮೂಡಣ ಬದಿಯಲ್ಲಿ ಹೊಸದಾಗಿ ಕಟ್ಟಿ, ಒಂದು ಸಣ್ಣ ಓಣಿಯಿಂದ ಮನೆಗೆ ಸೇರಿಸು. ಆ ಹೊಸ ಭಾಗ ಹೊಸದರ ಹಾಗೇ ಕಾಣಲಿ, ಮಾಡು ಮಾತ್ರ ಹಳೆಯ ಮಾಡಿಗಿಂತ ತಗ್ಗಿರಲಿ.

ಇಲ್ಲಿ ಇನ್ನೊಂದು ಎಚ್ಚರ. ನೀನು ಕಳುಹಿಸಿದ ಫೋಟೊಗಳಲ್ಲಿ ಕಾರೈಕುಡಿಯ ಕೆತ್ತನೆ ಕಂಬಗಳು, ಹಿತ್ತಾಳೆ ಗುಬುಟಿನ ಹೆಬ್ಬಾಗಿಲು, ತೂಗುಮಂಚ ಇದ್ದವು. ಬಹಳ ಚೆಂದದ ವಸ್ತುಗಳೇ. ಆದರೆ ಅವು ಯಾರದೋ ಮನೆ ಕೆಡವಿದ್ದರಿಂದ ಅಂಗಡಿಗೆ ಬಂದವು, ಮತ್ತು ಅವು ನಿನ್ನ ಮನೆಯವಲ್ಲ. ಅಜ್ಜಯ್ಯ ಆ ಥರದ ಮನೆಯಲ್ಲಿ ಹುಟ್ಟಿ, ಅದರಿಂದ ಹೊರಗೆ ಬಂದು, ಬೆಳಕಿನ ಕೋಣೆಗಳಿರುವ, ಯಾರು ಬೇಕಾದರೂ ಮುಂದಿನ ಜಗಲಿಯಲ್ಲಿ ಕೂರಬಹುದಾದ ಮನೆ ಬೇಕೆಂದು ಬಯಸಿ ಕಟ್ಟಿಸಿದರು. ಕಂಬಕ್ಕೆ ಕೆತ್ತನೆ ಬೇಡ ಎಂದದ್ದು ಬಡತನದಿಂದಲ್ಲ, ಅದು ಅವರ ಆಯ್ಕೆ. 1957ರ ಮನೆಗೆ 1857ರ ವೇಷ ಹಾಕಿದರೆ ಆ ಆಯ್ಕೆಯನ್ನು ಅಳಿಸಿದಂತೆ. ಹೊಸ ಮನೆಯಾಗಿ ಮಾಡುವುದರಷ್ಟೇ ಕೆಡುಕು ಇದು ಎಂಬುದು ನನ್ನ ಅಭಿಪ್ರಾಯ. ಅಟ್ಟದಲ್ಲಿ ಬೆತ್ತದ ಆರಾಮ ಕುರ್ಚಿ, ಗಾಜಿನ ಬಾಗಿಲಿನ ಕಪಾಟು, ಉರುಟು ಅಂಚಿನ ರೇಡಿಯೊ ಮೇಜು ಇವೆ. ಹೆಣೆಸಿ, ಪಾಲಿಶ್ ಮಾಡಿಸಿ ಮೊದಲು ಅವನ್ನು ಇಳಿಸು.

ಬಾವಿಯ ಬಗ್ಗೆ ಎರಡು ಮಾತು. ಕಡಲ ಪಕ್ಕದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟದಿಂದ ಮೇಲೆ ಒಂದು ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ ಎಂಬುದು ಲೆಕ್ಕ. ತಿರುಗಿಸಿ ನೋಡು: ದೊಡ್ಡ ಮೋಟಾರಿಟ್ಟು ಒಂದು ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ಅದರ ನಲವತ್ತು ಪಟ್ಟು ಮೇಲೇರಲು ನೋಡುತ್ತದೆ. ನಿನ್ನ ಬಾವಿ ಮಾತ್ರವಲ್ಲ, ಪಕ್ಕದ ಮೀನುಗಾರರ ಮನೆಗಳ ಬಾವಿಯೂ ಕೆಡುತ್ತದೆ. ಬೋರ್‌ವೆಲ್, ಈಜುಕೊಳ, ಹುಲ್ಲುಹಾಸು ಮೂರನ್ನೂ ನಕ್ಷೆಯಿಂದ ತೆಗೆದುಹಾಕು. ಸಣ್ಣ ಮೋಟಾರು ಸಾಕು. ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡುವ ಏರ್ಪಾಡು ಮಾಡು. ಪಡುವಣ ಬದಿಯ ಕೇದಗೆ ಪೊದೆ, ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ ಇವನ್ನು ಕಸವೆಂದು ಕೀಳಿಸಬೇಡ, ಮರಳನ್ನು ಹಿಡಿದು ನಿಲ್ಲಿಸಿರುವುದು ಅವು.

ಕಾಗದಪತ್ರವನ್ನೂ ನೋಡಿಕೋ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಬಂದದ್ದು, 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಅದರ ವ್ಯಾಪ್ತಿಗೆ ಬರುತ್ತದೆ. ಹಳ್ಳಿಗಳ ತೀರದಲ್ಲಿ ಮೊದಲ 200 ಮೀಟರ್ ಕಟ್ಟಬಾರದ ವಲಯ; 2019ರ ಅಧಿಸೂಚನೆ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು 50 ಮೀಟರಿಗೆ ಇಳಿಸಿದೆ. ಆ ವಲಯದೊಳಗೆ ಅನುಮತಿ ಪಡೆದು ಕಟ್ಟಿದ ಹಳೆಯ ಮನೆಯ ದುರಸ್ತಿಗೆ, ಪುನರ್ನಿರ್ಮಾಣಕ್ಕೆ ಅವಕಾಶ ಇದೆ, ಆದರೆ ಈಗಿರುವ ಪಂಚಾಂಗದ ವಿಸ್ತೀರ್ಣ ಮೀರುವಂತಿಲ್ಲ. ನಾನು ಹೇಳಿದ ಮೂಡಣ ಬದಿಯ ಬಚ್ಚಲಿಗೂ ಇದು ಅನ್ವಯವಾಗಬಹುದು. ಹಾಗಾದರೆ ಹಿಂದಿನ ಕಟ್ಟಿಗೆ ಕೊಟ್ಟಿಗೆಯ ಪಂಚಾಂಗದ ಮೇಲೇ ಅದನ್ನು ಎಬ್ಬಿಸಬಹುದೇ ಎಂದು ಕಚೇರಿಯಲ್ಲಿ ಬರಹದಲ್ಲಿ ಕೇಳು. ತೆರಿಗೆ ರಸೀದಿ, ಹಳೆಯ ಪಂಚಾಯತಿ ಕಾಗದ ಯಾವುದನ್ನೂ ಕಳೆಯಬೇಡ.

ಹಣ ಒಮ್ಮೆಲೇ ಹೊಂದುವುದಿಲ್ಲ ಎಂದು ನಿನ್ನ ಅಮ್ಮ ಹೇಳಿದಳು. ಒಳ್ಳೆಯದೇ ಆಯಿತು, ಇಂಥ ಮನೆಗೆ ಅವಸರದ ಹಣ ಆಗಿಬರುವುದಿಲ್ಲ. ವಿದ್ಯುತ್ತಿನ ನಂತರ ಮಾಡು, ಅದರ ಜೊತೆಗೆ ಅಂಗಳದ ನೀರು ಗೋಡೆ ಬುಡಕ್ಕೆ ನಿಲ್ಲದ ಹಾಗೆ ಚರಂಡಿ. ಆಮೇಲೆ ಕಾಂಕ್ರೀಟು. ಗೋಡೆಯ ಸಾರಣೆ ಅದರ ಮುಂದಿನ ವರ್ಷವಾದರೂ ಆದೀತು. ಅಡುಗೆಮನೆ, ಬಚ್ಚಲು ನಿಮ್ಮ ಅನುಕೂಲ. ಸುಣ್ಣದ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು, ಎಲ್ಲರೂ ವಯಸ್ಸಾದವರು. ಅವರಿಗೆ ಚದರ ಅಡಿಯ ಲೆಕ್ಕದಲ್ಲಿ ಗುತ್ತಿಗೆ ಕೊಡಬೇಡ, ದಿನಗೂಲಿ ಕೊಡು. ಚದರ ಅಡಿಯ ಲೆಕ್ಕಕ್ಕೆ ಸುಣ್ಣ ಒಣಗುವುದಿಲ್ಲ. ಜೊತೆಗೆ ಇಬ್ಬರು ಹುಡುಗರನ್ನು ಕಲಿಯಲು ನಿಲ್ಲಿಸು, ಅವರ ಕೂಲಿಯನ್ನೂ ನೀನೇ ಕೊಡು. ಹತ್ತು ವರ್ಷದ ಮೇಲೆ ನಿನ್ನ ಗೋಡೆಗೆ ಯಾರಾದರೂ ಬೇಕಲ್ಲ.

ಗಂಗೊಳ್ಳಿಯಲ್ಲಿ ಒಂದು ಹಳೆಯ ಮನೆ ಬಿಚ್ಚುತ್ತಿದ್ದಾರೆ. ಹೋಗಿ ಹಂಚು ತಿರುಗಿಸಿ ನೋಡಿ ಬಂದೆ, ನಮ್ಮ ಮಾಡಿನ ಹೆಸರೇ ಇದೆ. ಮುನ್ನೂರು ತೆಗೆದಿಡಲು ಹೇಳಿ ಮುಂಗಡ ಕೊಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಒಂದು ಟೆಂಪೊ ಕಳುಹಿಸಿ ತರಿಸಿಕೋ. ನಿಲ್ಲಿಸಿ ಜೋಡಿಸಲು ಹೇಳು, ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ.

ನಿನ್ನ ಮಾವ